ಕೊಳವೆಬಾವಿಗೆ ಸೇರಿದ ಪೆಟ್ರೋಲ್ ಎಲ್ಲಿಯದು? ಐಸೊಟೋಪ್ ಪರೀಕ್ಷೆಯಿಂದ ಪತ್ತೆಹಚ್ಚುವ ಕ್ರಮ
ಚಿತ್ರದುರ್ಗದಂತಹ ಗಟ್ಟಿಶಿಲೆಯ ಪ್ರದೇಶದಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ಹರಿಯುವುದರಿಂದ, ಕೊಳವೆಬಾವಿಯ ನೀರಿನಲ್ಲಿ ಪೆಟ್ರೋಲಿನ ಒಂದು ಘಟಕವಾದ ಟಾಲುಯಿನ್ ಕಂಡೊಡನೆ ಹತ್ತಿರದ ಬಂಕನ್ನೇ ದೂರುವುದು ಆತುರವಾದೀತು. ಮೊದಲು ಶಂಕಿತ ಮೂಲಗಳೆಲ್ಲದರ ಇಂಧನವನ್ನೂ ಸುತ್ತಲಿನ ಬಾವಿಗಳ ನೀರನ್ನೂ ಸಂಗ್ರಹಿಸಬೇಕು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಸೂಕ್ಷ್ಮಜೀವಿಗಳ ಚಟುವಟಿಕೆ ನಿಲ್ಲಲೆಂದು, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಹೈಡ್ರೋಕ್ಲೋರಿಕ್ ಆಮ್ಲವನ್ನು ಮೊದಲೇ ಹಾಕಿಟ್ಟ 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಅಂಚಿನವರೆಗೆ ನಿಧಾನವಾಗಿ ತುಂಬಿ, ಟೆಫ್ಲಾನ್ ಪದರದ ಮುಚ್ಚಳ ಬಿಗಿದು, ತಲೆಕೆಳಗಾಗಿ ಹಿಡಿದು ನೋಡಬೇಕು. ಗುಳ್ಳೆ ಮೇಲೇರಿದರೆ ಹೊಸ ಮಾದರಿ ತೆಗೆಯಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಗಿಸಬೇಕು. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ.

ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬೇರ್ಪಡಿಸಿದ ಸಂಯುಕ್ತವನ್ನು ದಹಿಸಿ, ಇಂಗಾಲದ ಡೈಆಕ್ಸೈಡ್‌ನಲ್ಲಿ ಇಂಗಾಲದ ಐಸೊಟೋಪ್‌ಗಳಾದ, ಅಂದರೆ ಒಂದೇ ಧಾತುವಿನ ಭಾರ ಮತ್ತು ಹಗುರ ರೂಪಗಳಾದ, ಇಂಗಾಲ-13 ಮತ್ತು ಇಂಗಾಲ-12ರ ಅನುಪಾತವನ್ನು ಅಳೆದು, ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಂತಿಷ್ಟು ಎಂದು ಹೇಳುತ್ತಾರೆ; ಋಣ ಸಂಖ್ಯೆ ಬಂದರೆ ಇಂಗಾಲ-13ರ ಪಾಲು ಮಾನಕಕ್ಕಿಂತ ಕಡಿಮೆಯೆಂದರ್ಥ. ಈ ಮೌಲ್ಯ ಮೂಲದಿಂದ ಮೂಲಕ್ಕೆ ಬೇರೆಯಾಗಿರಬಹುದಾದ್ದರಿಂದ ಅದೇ ಪತ್ತೆಯ ಸುಳಿವು.

ಫಲಿತಾಂಶವನ್ನು ಓದುವುದೇ ಕಠಿಣ. ಸೂಕ್ಷ್ಮಜೀವಿಗಳು ಹಗುರ ಇಂಗಾಲದ ಬಂಧಗಳನ್ನು ತುಸು ಬೇಗ ಮುರಿಯುವುದರಿಂದ ಉಳಿದ ಟಾಲುಯಿನ್‌ನಲ್ಲಿ ಇಂಗಾಲ-13ರ ಪಾಲು ಏರುತ್ತದೆ. ಕೇವಲ ಶುದ್ಧ ನೀರು ಬೆರೆತರೆ ಅನುಪಾತ ಬದಲಾಗದು. ಆದ್ದರಿಂದ ಬಂಕಿನ ಬಳಿ −27 ಇದ್ದ ಮೌಲ್ಯ ದೂರದ ಬಾವಿಯಲ್ಲಿ −24 ಆಗಿದ್ದರೆ, ಬೇರೆ ಮೂಲವೆನ್ನುವ ಮೊದಲು ವಿಘಟನೆಯ ಸಾಧ್ಯತೆಯನ್ನು ಹೈಡ್ರೋಜನ್ ಐಸೊಟೋಪ್‌ಗಳನ್ನೂ ಅಳೆದು ಪರಿಶೀಲಿಸಬೇಕು. ಇಂಗಾಲದಲ್ಲಿ ಸಾವಿರಕ್ಕೆ 2ಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಅದನ್ನು ವಿಘಟನೆಯ ಪುರಾವೆಯೆಂದು ಬರೆಯಬಾರದು.