ನನಗೆ ಬೇಕಿದ್ದದ್ದು 170 ಪಾಯಿಂಟ್

ಇಂಜಿನಿಯರಿಂಗ್ ಮೊದಲನೇ ಸೆಮಿಸ್ಟರಿನ ಫಿಸಿಕ್ಸ್ ಪರೀಕ್ಷೆಯ ದಿನ, ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ನನ್ನ ಕಣ್ಣು ಮೊದಲು ಹೋಗಿದ್ದು ಬಲಗಡೆ ಮೂಲೆಗೆ. ಗರಿಷ್ಠ ಅಂಕ 100. ಹಳೇ ಪ್ರಶ್ನೆಪತ್ರಿಕೆಗಳಲ್ಲೂ ಅದನ್ನು ನೋಡಿದ್ದೆ, ತಲೆಗೆ ಮಾತ್ರ ಇಳಿದಿರಲಿಲ್ಲ. ಸಿಲಬಸ್ ಹಾಳೆಯಲ್ಲಿ ಇಂಟರ್ನಲ್ಸ್ (ಕಾಲೇಜಲ್ಲೇ ಕೊಡೋ ಅಂಕ) 50, ಎಕ್ಸ್‌ಟರ್ನಲ್ (ಸೆಮಿಸ್ಟರ್ ಕೊನೆಯ ಪರೀಕ್ಷೆ) 50 ಅಂತಿತ್ತು. ನನಗೆ ಇಂಟರ್ನಲ್ಸ್‌ನಲ್ಲಿ 36 ಬಂದಿತ್ತು, ಬೇಕಿದ್ದದ್ದು 80. ಅಂದರೆ 44 ತೆಗೆದರಾಯ್ತು, ಮೂರು ಮಾಡ್ಯೂಲ್ (ತಲಾ 20 ಅಂಕದ ಸಿಲಬಸ್ ಭಾಗ) ಚೆನ್ನಾಗಿ ಓದಿದರೆ 60 ಅಂಕದ ಸರಕು ಕೈಯಲ್ಲಿರುತ್ತೆ ಅಂತ ಲೆಕ್ಕ ಹಾಕಿ ನೆಮ್ಮದಿಯಾಗಿ ಮಲಗಿದ್ದೆ. ಪತ್ರಿಕೆಯಲ್ಲಿ 100ಕ್ಕೆ ಬಂದಿದ್ದನ್ನು ಅರ್ಧಕ್ಕೆ ಇಳಿಸುತ್ತಾರೆ, ಆ 44 ಅಂದರೆ ಪತ್ರಿಕೆಯಲ್ಲಿ 88 ಅಂತ ಹೊಳೆದಾಗ ಮೊದಲ ಬೆಲ್ ಹೊಡೆದಾಗಿತ್ತು. ಬಂದಿದ್ದು 26. ಒಟ್ಟು 62. ಅಂಕ ನೋಡಿ ಹತ್ತಕ್ಕೆ ಇಷ್ಟು ಅಂತ ಕೊಡೋ ಗ್ರೇಡ್ ಪಾಯಿಂಟ್ 9 ಬೇಕಿದ್ದ ಕಡೆ 7.

ಆ ಸೆಮಿಸ್ಟರ್ ಎಸ್‌ಜಿಪಿಎ, ಅಂದರೆ ಸೆಮಿಸ್ಟರಿನ ಪಾಯಿಂಟ್ ಸರಾಸರಿ, 7.5ಕ್ಕೆ ನಿಂತಿತು. ಮೊದಲನೇ ವರ್ಷ ಮುಗಿಯುವಷ್ಟರಲ್ಲಿ ಸಿಜಿಪಿಎ (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ) 8 ಮಾಡಿಕೊಂಡುಬಿಡು, ಆಮೇಲೆ ಎಬ್ಬಿಸೋದು ಕಷ್ಟ ಅಂತ ಒಬ್ಬ ಸೀನಿಯರ್ ಹೇಳಿದ್ದ. ಎರಡನೇ ಸೆಮಿಸ್ಟರ್‌ಗೆ ಓದೋಕೆ ಶುರು ಮಾಡೋ ಮುಂಚೆ ಲೆಕ್ಕ ಶುರು ಮಾಡಿದ್ದು ಹಾಗೆ.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುನ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದ ಒಂದೊಂದು ಸೆಮಿಸ್ಟರಿಗೆ 20 ಕ್ರೆಡಿಟ್. ಎರಡೂ ಸೇರಿ 40. ಕ್ರೆಡಿಟ್ ಅಂದರೆ ವಿಷಯದ ತೂಕ, ಗ್ರೇಡ್ ಪಾಯಿಂಟನ್ನು ಅದರಿಂದ ಗುಣಿಸಿ ಕೂಡುತ್ತಾರೆ. ಸಿಜಿಪಿಎ 8 ಬೇಕು ಅಂದರೆ 320 ಪಾಯಿಂಟ್. ಮೊದಲನೇ ಸೆಮಿಸ್ಟರಿನ 7.5 ಅಂದರೆ 150 ಆಗಲೇ ಜೇಬಲ್ಲಿದೆ. ಉಳಿದಿದ್ದು 170. ಸರಾಸರಿಯಲ್ಲಿ ಹೇಳಿದರೆ 8.5, ಆದರೆ ಸರಾಸರಿ ಇಟ್ಟುಕೊಂಡು ಏನೂ ಮಾಡೋಕಾಗಲ್ಲ. 170 ಅಂದರೆ ಕೂಡಿ ಕಳೆದು ನೋಡಬಹುದು.

ಇಂಟರ್ನಲ್ಸ್ ಲಿಸ್ಟಿಗೆ ಸಹಿ ಹಾಕಿ ಬಂದ ಸಂಜೆ, ಒಂದು ಅಸೈನ್‌ಮೆಂಟ್ ಹಾಳೆಯ ಹಿಂದೆ ಎಂಟೂ ವಿಷಯ ಬರೆದೆ. ಮ್ಯಾಥ್ಸ್ 4 ಕ್ರೆಡಿಟ್, ಇಂಟರ್ನಲ್ಸ್ 41. ಕೆಮಿಸ್ಟ್ರಿ 4 ಕ್ರೆಡಿಟ್, 38. ಡ್ರಾಯಿಂಗ್ 3 ಕ್ರೆಡಿಟ್, 46. ಎಲೆಕ್ಟ್ರಿಕಲ್ 3, 35. ಪೈಥಾನ್ 3, 44. ಒಂದೊಂದು ಕ್ರೆಡಿಟ್‌ನ ಇಂಗ್ಲಿಷ್, ಸಾಂಸ್ಕೃತಿಕ ಕನ್ನಡ, ಆರೋಗ್ಯದ ವಿಷಯ: 42, 45, 43. ರೂಮ್‌ಮೇಟ್ ಗಂಗಾವತಿಯವನು. ಇಣುಕಿ ನೋಡಿ, 'ಏನ್ ಕಿರಾಣಿ ಲೆಕ್ಕ ಬರದೀಯೋ, ಓದಪಾ ಸುಮ್ನ' ಅಂದ.

ಸೂತ್ರ ದೊಡ್ಡದಲ್ಲ. ಮುಟ್ಟಬೇಕಾದ ಅಂಕದಲ್ಲಿ ಇಂಟರ್ನಲ್ಸ್ ಕಳೆ, ಉಳಿದಿದ್ದನ್ನು ಎರಡರಿಂದ ಗುಣಿಸು. ಮ್ಯಾಥ್ಸ್‌ನಲ್ಲಿ 80 ಮುಟ್ಟೋಕೆ 39 ಬೇಕು, ಅಂದರೆ ಪತ್ರಿಕೆಯಲ್ಲಿ 78. ಇಂಟರ್ನಲ್ಸ್ ಎಷ್ಟೇ ಚೆನ್ನಾಗಿರಲಿ, ಪತ್ರಿಕೆಯಲ್ಲಿ ನೂರಕ್ಕೆ 35 ಬರದಿದ್ದರೆ ಫೇಲ್. ಒಂದು ಕ್ರೆಡಿಟ್‌ನ ವಿಷಯಗಳಿಗೆ ಗುಣಿಸೋ ಹಾಗಿಲ್ಲ. ಅವು 50 ಬಿಟ್ ಪ್ರಶ್ನೆ (ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸೋದು), ವೃತ್ತ ತುಂಬೋ ಓಎಂಆರ್ ಹಾಳೆ, ಬಂದಷ್ಟೇ ಅಂಕ.

ಅಲ್ಲಿವರೆಗೂ ನಾನು ಒಟ್ಟು ಅಂಕ ಹೆಚ್ಚು ಮಾಡೋದೇ ದಾರಿ ಅಂದುಕೊಂಡಿದ್ದೆ. ಹಾಳೆ ಬೇರೆ ಕಥೆ ಹೇಳಿತು. 80 ಬಂದರೂ 9 ಪಾಯಿಂಟ್, 89 ಬಂದರೂ 9. 79ಕ್ಕೆ 8. ಮಧ್ಯದಲ್ಲಿ ಗುದ್ದಾಡಿ ತೆಗೆದ ಅಂಕಕ್ಕೆ ಬೆಲೆಯೇ ಇಲ್ಲ, ಮೆಟ್ಟಿಲು ಹತ್ತಿದರೆ ಮಾತ್ರ ಲೆಕ್ಕ. 60ರಿಂದ ಮೇಲೆ ಒಂದೊಂದು ಮೆಟ್ಟಿಲಿಗೂ 10 ಅಂಕ, ಪತ್ರಿಕೆಯಲ್ಲಿ 20. ಆ 20 ಅಂಕಕ್ಕೆ ಮ್ಯಾಥ್ಸ್‌ನಲ್ಲಿ 4 ಪಾಯಿಂಟ್ ಸಿಗುತ್ತೆ, ಎಲೆಕ್ಟ್ರಿಕಲ್‌ನಲ್ಲಿ 3, ಇಂಗ್ಲಿಷ್‌ನಲ್ಲಿ ಹತ್ತು ಬಿಟ್ ಸರಿ ಮಾಡಿದರೆ 1. 50, 55, 60ರ ಮೆಟ್ಟಿಲುಗಳು ಗಿಡ್ಡ, ಅಲ್ಲಿರುವವರಿಗೆ ಅರ್ಧ ಬೆಲೆಗೇ ಒಂದು ಪಾಯಿಂಟ್. ನನ್ನ ಯಾವ ವಿಷಯವೂ ಅಲ್ಲಿರಲಿಲ್ಲ.

ಅಂಕವನ್ನು ಮಾಡ್ಯೂಲ್‌ಗೆ ತಿರುಗಿಸಿದ ಮೇಲೇ ಇದು ಓದೋಕೆ ಉಪಯೋಗಕ್ಕೆ ಬಂದಿದ್ದು. ಐದು ಮಾಡ್ಯೂಲ್, ಒಂದೊಂದರಲ್ಲಿ 20 ಅಂಕದ ಎರಡು ಪ್ರಶ್ನೆ, ಒಂದನ್ನು ಆರಿಸಿ ಬರೆಯಬೇಕು. ಓದಿಕೊಂಡ ಮಾಡ್ಯೂಲ್‌ನಲ್ಲಿ ನನಗೆ ಸಾಮಾನ್ಯವಾಗಿ 16 ಬರುತ್ತಿತ್ತು. ಹಾಗಾದರೆ ಮ್ಯಾಥ್ಸ್‌ನ 78ಕ್ಕೆ ಐದೂ ಮಾಡ್ಯೂಲ್ ಓದಲೇಬೇಕು, ಒಂದನ್ನೂ ಬಿಡೋ ಹಾಗಿಲ್ಲ. ಕೆಮಿಸ್ಟ್ರಿಯಲ್ಲಿ 9 ಬೇಕಾದರೆ 84. ಐದೂ ಓದಿದರೂ ನನ್ನ ಕೈಗೆ ಎಟುಕದ್ದು. 8ಕ್ಕೆ 64 ಸಾಕು, ನಾಲ್ಕು ಮಾಡ್ಯೂಲ್. ಎಲೆಕ್ಟ್ರಿಕಲ್‌ನಲ್ಲಿ 8ಕ್ಕೆ 70, 7ಕ್ಕೆ 50. ಐವತ್ತಕ್ಕೆ ಮೂರು ಮಾಡ್ಯೂಲ್, ಜೊತೆಗೆ ನಾಲ್ಕನೆಯದರಲ್ಲಿ ಒಂದು ಚಿತ್ರ ಬರೆದು ನಾಲ್ಕು ಸಾಲು ಗೀಚಿದರೆ ನಡೆಯುತ್ತೆ.

ಮ್ಯಾಥ್ಸ್ 9, ಕೆಮಿಸ್ಟ್ರಿ 8, ಡ್ರಾಯಿಂಗ್ 9, ಎಲೆಕ್ಟ್ರಿಕಲ್ 8, ಪೈಥಾನ್ 9, ಸಣ್ಣವು ಮೂರೂ 9 ಅಂತ ಹಾಕಿ ಕೂಡಿದೆ: 173. ಎಲೆಕ್ಟ್ರಿಕಲ್ 7ಕ್ಕೆ ಇಳಿಸಿದೆ: ಸರಿಯಾಗಿ 170. ಅವತ್ತೇ ಎಲೆಕ್ಟ್ರಿಕಲ್‌ನ ಕೊನೆಯ ಮಾಡ್ಯೂಲ್ ಹಾಳೆಗಳಿಗೆ ಸ್ಟೇಪಲ್ ಹೊಡೆದು ಟ್ರಂಕಿಗೆ ಹಾಕಿದೆ. ಬೇಕಂತಲೇ ಓದದೆ ಬಿಡೋದಕ್ಕೂ ಧೈರ್ಯ ಬೇಕು, ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಉಳಿದ ದಿನಗಳನ್ನು ಡ್ರಾಯಿಂಗ್ ಲ್ಯಾಬಿಗೆ ಕೊಟ್ಟೆ. ಅಲ್ಲಿ 10ಕ್ಕೆ 88 ಬೇಕಿತ್ತು, ಕೈ ಓಡುತ್ತಿತ್ತು. ಗುರಿಯಲ್ಲಿ ಬರೆದುಕೊಂಡಿರಲಿಲ್ಲ, ಬಂದರೆ 3 ಪಾಯಿಂಟ್ ಲಾಭ ಅಂತ ಇಟ್ಟುಕೊಂಡಿದ್ದೆ.

ಪರೀಕ್ಷೆಗಳ ಬಗ್ಗೆ ಹೇಳೋದು ಹೆಚ್ಚಿಲ್ಲ. ಎಲೆಕ್ಟ್ರಿಕಲ್ ಹಾಲಿನಿಂದ ಅರ್ಧ ಗಂಟೆ ಮುಂಚೆ ಎದ್ದು ಬಂದೆ. ಮ್ಯಾಥ್ಸ್‌ನಲ್ಲಿ ಐದನೇ ಮಾಡ್ಯೂಲ್‌ನ ಕೊನೆಯ ಲೆಕ್ಕದಲ್ಲಿ ಎಲ್ಲೋ ಒಂದು ಮೈನಸ್ ಕಳೆದುಕೊಂಡೆ, ಹುಡುಕೋಕೆ ಸಮಯ ಇರಲಿಲ್ಲ.

ಫಲಿತಾಂಶ ಬಂದ ರಾತ್ರಿ ಸೈಟ್ ತೆರೆಯೋಕೆ ಮುಕ್ಕಾಲು ಗಂಟೆ ಹಿಡಿಯಿತು. ಡ್ರಾಯಿಂಗ್ 91, ಅಂದರೆ 10. ಕೆಮಿಸ್ಟ್ರಿ 8, ಎಲೆಕ್ಟ್ರಿಕಲ್ 7, ಪೈಥಾನ್ 9, ಇಂಗ್ಲಿಷ್ 9, ಆರೋಗ್ಯ 9. ಹಾಳೆಯಲ್ಲಿ ಬರೆದ ಹಾಗೇ. ಮ್ಯಾಥ್ಸ್ ಎಕ್ಸ್‌ಟರ್ನಲ್ 38. ನಲವತ್ತೊಂದಕ್ಕೆ ಕೂಡಿದರೆ 79. ಒಂದು ಅಂಕಕ್ಕೆ 4 ಪಾಯಿಂಟ್ ಹೋಗಿತ್ತು, ಡ್ರಾಯಿಂಗ್ ಅದರಲ್ಲಿ 3 ವಾಪಸ್ ತಂದಿತ್ತು. ಕೂಡಿದೆ: 169. ಇನ್ನೊಂದು ಪಾಯಿಂಟ್ ಎಲ್ಲಾದರೂ ಇದೆಯಾ ಅಂತ ಪಟ್ಟಿಯ ಕೆಳಗೆ ನೋಡಿದರೆ, ಕನ್ನಡದಲ್ಲಿ 50ಕ್ಕೆ 44. ಒಟ್ಟು 89. ಇನ್ನೊಂದು ಬಿಟ್ ಸರಿ ಆಗಿದ್ದರೆ 10 ಪಾಯಿಂಟ್.

ಸಿಜಿಪಿಎ 7.98 ಅಂತ ಬಂತು. ರೂಮ್‌ಮೇಟ್‌ಗೆ ಫೋನ್ ತೋರಿಸಿದೆ. ಅವನು ಮ್ಯಾಥ್ಸ್ ಕಡೆ ನೋಡಲೇ ಇಲ್ಲ. 'ಕನ್ನಡದಾಗ ಹೋತೇನಲೇ? ತಿಪಟೂರಾಂವ ಆಗಿ?' ಅಂತ ಹಾಸಿಗೆ ಮೇಲೆ ಬಿದ್ದು ನಕ್ಕ.

ಮ್ಯಾಥ್ಸ್‌ಗೆ ರೀವ್ಯಾಲ್ಯುಯೇಷನ್ ಹಾಕಿದೆ, ಬದಲಾಗಲಿಲ್ಲ. ಮೂರನೇ ಸೆಮಿಸ್ಟರಿನ ಹಾಳೆಯಲ್ಲೂ ಅದೇ ಸೂತ್ರ ಇಟ್ಟುಕೊಂಡಿದ್ದೀನಿ. 80 ಬೇಕಾದ ಕಡೆ 83 ಅಂತ ಬರೆದು ಲೆಕ್ಕ ಹಾಕಿದ್ದೀನಿ, ಪತ್ರಿಕೆಯಲ್ಲಿ ಅದು 6 ಅಂಕ ಹೆಚ್ಚು, ಕಳೆದುಹೋಗೋ ಮೈನಸ್ಸುಗಳ ಬಾಬ್ತು.