ಹೆಬ್ಬಲಸಿನ ಬೀಜ ಎಸೀಬೇಡಿ: ಒಂದಷ್ಟು ಹುರೀರಿ, ಒಂದಷ್ಟು ನೆಡಿ

ಮೇ ತಿಂಗಳು ಬಂತಂದ್ರೆ ಕೊಡಗಿನ ಹಳೇ ಕಾಫಿ ತೋಟಗಳಲ್ಲಿ ಹೆಬ್ಬಲಸಿನ ಮರದ ಬುಡದಲ್ಲಿ ಮಂಗ, ಬಾವಲಿ ತಿಂದು ಉದುರಿಸಿದ ಮುಳ್ಳುಸಿಪ್ಪೆ ಬಿದ್ದಿರುತ್ತೆ. ಇದು ಹಲಸಿನ ಜಾತಿಯ, ನಮ್ಮ ಪಶ್ಚಿಮ ಘಟ್ಟದ್ದೇ ಮರ, ನಿತ್ಯಹರಿದ್ವರ್ಣ ಕಾಡಲ್ಲಿ ನೂರಡಿಗಿಂತ ಎತ್ತರ ಹೋಗುತ್ತೆ, ನೆರಳು ಕೊಡುತ್ತೆ, ಕರಿಮೆಣಸಿನ ಬಳ್ಳಿ ಹಬ್ಬಿಸ್ಬಹುದು, ಮರಮುಟ್ಟಿಗೂ ಒಳ್ಳೇದು. ಆದ್ರೂ ನಾವು ಖಾಲಿ ಜಾಗ ಕಂಡಲ್ಲೆಲ್ಲ ಸಿಲ್ವರ್ ಓಕ್ ನೆಡ್ತಾ ಹೋಗ್ತಿದೀವಿ, ಯಾಕಂದ್ರೆ ಅದು ಬೇಗ ಬೆಳೆಯುತ್ತೆ. ಬೇಗ ಬೆಳೆಯೋದೊಂದೇ ಲೆಕ್ಕ ಆಗ್ಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಹಣ್ಣು. ಕೈಯಲ್ಲಿ ಹಿಡಿಯೋ ಅಷ್ಟೇ ಸೈಜು, ಮೈತುಂಬ ಮೆತ್ತನೆ ಮುಳ್ಳು. ಸರಿಯಾಗಿ ಹಣ್ಣಾಗಿದ್ರೆ ಚಾಕು ಬೇಡ, ಸಿಪ್ಪೆ ಕೈಯಲ್ಲೇ ಸುಲಿದು ಬರುತ್ತೆ, ಒಳಗೆ ಕಿತ್ತಳೆ ಬಣ್ಣದ ಪುಟ್ಟ ಪುಟ್ಟ ತೊಳೆಗಳು ನಡುವಿನ ದಿಂಡಿಗೆ ಅಂಟಿಕೊಂಡಿರ್ತವೆ, ಹುಳಿ ಸಿಹಿ ಎರಡೂ ಇರೋ ರುಚಿ. ಅಂಟು ಜಾಸ್ತಿ, ಅದಕ್ಕೆ ಕೈಗೆ ಮೊದಲೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರ್ಕೊಳ್ಳಿ. ತಿಂತಾ ತಿಂತಾ ಬೀಜ ಒಂದು ಪಾತ್ರೆಗೆ ಹಾಕ್ತಾ ಹೋಗಿ.

ಹುರಿಯೋ ಬೀಜನ ತೊಳೆದು ಬಿಸಿಲಲ್ಲಿ ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರೀಲಿ ಹುರೀರಿ. ಸಿಡಿಯುತ್ತೆ, ಮುಚ್ಚಳ ಇರ್ಲಿ. ಸಿಪ್ಪೆ ಬಿರಿದ ಮೇಲೆ ಸುಲಿದು ಉಪ್ಪು ಉದುರಿಸಿ ತಿಂದ್ರೆ ಕಡ್ಲೆಕಾಯಿ ಥರಾನೇ ಇರುತ್ತೆ, ಮಳೆಗಾಲದ ಸಂಜೆ ಕಾಫಿ ಜೊತೆ ಇದಕ್ಕಿಂತ ಬೇರೆ ಬೇಕಾಗಲ್ಲ.

ನೆಡೋ ಬೀಜದ್ದು ಪೂರ್ತಿ ಉಲ್ಟಾ, ಅದನ್ನ ಬಿಸಿಲಿಗೆ ಹಾಕ್ಲೇಬಾರ್ದು. ಹಲಸಿನ ಜಾತಿ ಬೀಜ ಒಣಗಿದ್ರೆ ಜೀವ ಹೋಗುತ್ತೆ, ಡಬ್ಬಿಲಿ ಇಟ್ಟು ಮುಂದಿನ ವರ್ಷ ಹಾಕ್ತೀನಿ ಅಂದ್ರೆ ಮೊಳಕೆನೇ ಬರಲ್ಲ. ತಿರುಳು ಪೂರ್ತಿ ಹೋಗೋ ಹಾಗೆ ತೊಳೀರಿ, ನೀರಿಗೆ ಹಾಕಿ ತೇಲೋದನ್ನ ಬಿಟ್ಟು ಮುಳುಗಿದ್ದನ್ನ ಇಟ್ಕೊಳ್ಳಿ, ಆದಷ್ಟು ಅದೇ ವಾರ ಸಸಿ ಬೆಳೆಸೋ ಪ್ಲಾಸ್ಟಿಕ್ ಪ್ಯಾಕೆಟ್‌ಗೆ ಹಾಕ್ಬಿಡಿ. ಕಾಡುಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸೇರಿಸಿದ್ರೆ ಸಾಕು, ಬೀಜ ತುಂಬಾ ಆಳಕ್ಕೆ ಬೇಡ, ಬೆರಳಿನ ಒಂದು ಗೆಣ್ಣಿನಷ್ಟು. ಪ್ಯಾಕೆಟ್ ಮಾತ್ರ ಉದ್ದದ್ದು ತಗೊಳ್ಳಿ, ತಾಯಿಬೇರು ಸೀದಾ ಕೆಳಗಿಳಿಯುತ್ತೆ, ಚಿಕ್ಕ ಪ್ಯಾಕೆಟ್‌ನಲ್ಲಿ ಸುತ್ತಿಕೊಂಡ್ರೆ ಆಮೇಲೆ ಮರ ಗಟ್ಟಿ ನಿಲ್ಲಲ್ಲ. ನೆರಳಲ್ಲಿಡಿ, ಮಳೆನೀರು ನಿಲ್ಲದಿರ್ಲಿ, ಇಲಿ ಬರ್ದಂಗೆ ಮೇಲೆ ಬಲೆ ಹಾಕಿ.

ಮುಂದಿನ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದೂವರೆ ಅಡಿ ಗುಂಡಿ ತೆಗೆದು, ಪ್ಯಾಕೆಟ್ ಹರಿದು ಮಣ್ಣಿನ ಹೆಂಟೆ ಒಡೀದೆ ನೆಡಿ. ದನ ತಿನ್ನದ ಹಾಗೆ ಬೇಲಿ ಬೇಕು.

ಇಲ್ಲೇ ತುಂಬಾ ಸಸಿ ಹೋಗೋದು: ಎಳೇ ಸಸಿ ಎಲೆ ಆಳವಾಗಿ ಸೀಳಿರುತ್ತೆ, ದೊಡ್ಡ ಮರದ ಎಲೆ ಹಾಗಿರಲ್ಲ, ಹೀಗಾಗಿ ಕಳೆ ತೆಗೆಯೋರಿಗೆ ಇದು ಹೆಬ್ಬಲಸು ಅಂತ ಗೊತ್ತೇ ಆಗಲ್ಲ, ಕತ್ತಿ ಬೀಸಿದ್ರೆ ಮುಗೀತು. ಅದಕ್ಕೆ ಪ್ರತಿ ಸಸಿ ಪಕ್ಕ ಎದೆಯೆತ್ತರದ ಗೂಟ ನೆಟ್ಟು ತುದಿಗೆ ಬಿಳಿ ಬಣ್ಣ ಬಳೀರಿ, ಕಳೆ ತೆಗೆಯೋ ದಿನ ಬೆಳಿಗ್ಗೆ ನೀವೇ ಜೊತೆಗೆ ಹೋಗಿ ಒಂದು ಎಲೆ ತೋರ್ಸಿ ಬನ್ನಿ.