ಬಿಡಿಭಾಗದ ಪೀಠೋಪಕರಣ ಜೋಡಿಸಲು ಎಷ್ಟು ಹೊತ್ತು? ಡ್ರಾಯರ್, ಬಾಗಿಲು ಎಣಿಸಿ ನೋಡಿ

ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಬರುವ ಪೀಠೋಪಕರಣ ಜೋಡಿಸಲು ಎಷ್ಟು ಹೊತ್ತು ಬೇಕು ಎಂದು ಕೇಳುವವರು ಅದರ ಉದ್ದ, ಎತ್ತರ ಹೇಳುತ್ತಾರೆ. ನಾನು ಕೇಳುವುದು ಡ್ರಾಯರ್ ಎಷ್ಟು, ಬಾಗಿಲು ಎಷ್ಟು ಎಂದು. ಆರಡಿ ಎತ್ತರದ ಪುಸ್ತಕದ ಶೆಲ್ಫ್ ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಸೊಂಟದೆತ್ತರದ, ನಾಲ್ಕು ಡ್ರಾಯರ್‌ಗಳ ಚೆಸ್ಟ್‌ಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಒಂದೊಂದು ಡ್ರಾಯರ್‌ಗೂ ಮುಂದಿನ ಹಲಗೆ, ಎರಡು ಪಕ್ಕ, ಹಿಂಬದಿ, ತಳ ಎಂದು ಐದು ತುಂಡು. ನಾಲ್ಕಕ್ಕೆ ಇಪ್ಪತ್ತಾಯಿತು. ಅದರ ಮೇಲೆ ಡ್ರಾಯರ್ ಓಡುವ ಲೋಹದ ಹಳಿಗಳು, ಅಂದರೆ ನಾಲ್ಕು ಜೊತೆ ಚಾನೆಲ್, ಜೊತೆಗೆ ಹಿಡಿಗಳು. ಸ್ಟೋರೇಜ್ ಇಲ್ಲದ ಮಂಚಕ್ಕೆ ಇಬ್ಬರಿದ್ದರೆ ಒಂದೂವರೆ ಗಂಟೆ ಸಾಕು. ಮೂರು ಬಾಗಿಲಿನ ವಾರ್ಡ್‌ರೋಬ್‌ಗೆ ಇಬ್ಬರಿದ್ದರೂ ನಾಲ್ಕೈದು ಗಂಟೆ ಇಟ್ಟುಕೊಳ್ಳಿ.

ಪೆಟ್ಟಿಗೆ ಬಿಚ್ಚಿದ ಮೊದಲ ಅರ್ಧ ಗಂಟೆ ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ರಟ್ಟನ್ನು ನೆಲಕ್ಕೆ ಹಾಸುತ್ತೇನೆ. ವಿಟ್ರಿಫೈಡ್ ಟೈಲ್ಸ್‌ಗೆ ಬಡಿದರೆ ಪಾರ್ಟಿಕಲ್ ಬೋರ್ಡಿನ ಮೂಲೆ ಚಕ್ಕೆ ಏಳುತ್ತದೆ. ಹಲಗೆಗಳನ್ನು ನಂಬರ್ ಪ್ರಕಾರ ಗೋಡೆಗೆ ಒರಗಿಸಿ, ಸ್ಟಿಕ್ಕರ್ ಇಲ್ಲದವಕ್ಕೆ ಪೆನ್ಸಿಲಿನಲ್ಲಿ ನಂಬರ್ ಬರೆಯುತ್ತೇನೆ. ಸ್ಕ್ರೂಗಳಿಗೆ ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ: ಒಂದು ಗುಳಿಗೆ ಒಂದು ಜಾತಿ. 16 ಎಂಎಂ ಸ್ಕ್ರೂ ಹೋಗಬೇಕಾದಲ್ಲಿ 30 ಎಂಎಂ ಸ್ಕ್ರೂ ಹೋದರೆ ಹಲಗೆಯ ಆಚೆ ಬದಿಯ ಲ್ಯಾಮಿನೇಟ್ ಸೀಳಿಕೊಂಡು ಬರುತ್ತದೆ, ಅದಕ್ಕೆ ಮದ್ದಿಲ್ಲ. ಎಣಿಕೆಯನ್ನೂ ಆಗಲೇ ಮುಗಿಸಬೇಕು. ಏನಾದರೂ ಕಡಿಮೆ ಬಿದ್ದಿದ್ದರೆ ಅರ್ಧ ಜೋಡಿಸಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಲೇಸು.

ಚೌಕಟ್ಟಿನ ಜೀವ ಕ್ಯಾಮ್ ಲಾಕ್‌ನಲ್ಲಿದೆ. ಅಂಗಡಿಯಲ್ಲಿ ಮಿನಿಫಿಕ್ಸ್ ಎಂದು ಕೇಳಿದರೂ ಕೊಡುತ್ತಾರೆ. ಒಂದು ಹಲಗೆಗೆ ಬೋಲ್ಟ್, ಇನ್ನೊಂದರ ತೂತಿನಲ್ಲಿ 15 ಎಂಎಂ ಅಗಲದ ದುಂಡು ಕ್ಯಾಮ್, ಪಕ್ಕದಲ್ಲಿ 8 ಎಂಎಂ ಮರದ ಗೂಟ. ಬೋಲ್ಟ್‌ನ ಕಾಲರ್ ಹಲಗೆಗೆ ತಾಗುವವರೆಗೆ ನೆಟ್ಟಗೆ ಇಳಿಯಬೇಕು. ಕ್ಯಾಮ್ ಮೇಲಿನ ಬಾಣದ ಗುರುತು ಬೋಲ್ಟ್ ಬರುವ ದಿಕ್ಕಿಗೆ ಇರಬೇಕು. ಆಮೇಲೆ ಸುಮಾರು ಅರ್ಧ ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ. ಸುಮ್ಮನೆ ತಿರುಗುತ್ತಲೇ ಇದ್ದರೆ ಬೋಲ್ಟಿನ ತಲೆ ಸಿಕ್ಕಿಕೊಂಡಿಲ್ಲ ಎಂದೇ ಅರ್ಥ. ಬಲ ಹಾಕದೆ ಬಿಚ್ಚಿ ಬೋಲ್ಟ್‌ನ ಆಳ ನೋಡಿ. ಡ್ರಿಲ್ ಮೆಷಿನ್ ಬಳಸುವುದಾದರೆ ಕ್ಲಚ್ (ತಿರುಗಿಸುವ ಬಲಕ್ಕೆ ಮಿತಿ ಹಾಕುವ ಉಂಗುರ) ತೀರ ಕಡಿಮೆಯಲ್ಲಿಟ್ಟು, ಕೊನೆಯ ಸುತ್ತು ಎರಡನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಕೈಯಲ್ಲೇ ಹಾಕಿ. ಪಾರ್ಟಿಕಲ್ ಬೋರ್ಡ್ ಎಂದರೆ ಅಂಟು ಹಾಕಿ ಒತ್ತಿದ ಮರದ ಪುಡಿ. ಒಮ್ಮೆ ತೂತು ಸಡಿಲವಾಯಿತೆಂದರೆ ಮದ್ದಿನ ತಲೆ ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲ್ ಜೊತೆ ತುರುಕಿ ಇಡೀ ರಾತ್ರಿ ಒಣಗಲು ಬಿಡಬೇಕು. ಮೂರು ಗಂಟೆಯ ಕೆಲಸ ಎರಡು ದಿನಕ್ಕೆ ಎಳೆಯುವುದು ಹೀಗೆ. ಬಾಡಿಗೆ ಮನೆಯವರು ಗೂಟಗಳಿಗೆ ಅಂಟು ಹಚ್ಚುವುದು ಬೇಡ. ಹಚ್ಚಿದರೆ ಮನೆ ಬದಲಿಸುವಾಗ ಹಲಗೆ ಒಡೆಯದೆ ಬಿಚ್ಚಲು ಬರುವುದಿಲ್ಲ.

ಹಿಂದಿನ 3 ಎಂಎಂ ಶೀಟನ್ನು ಧೂಳು ತಡೆಯಲು ಕೊಟ್ಟದ್ದೆಂದು ಹಗುರವಾಗಿ ಕಾಣಬೇಡಿ. ಇಡೀ ಚೌಕಟ್ಟು ವಾಲದಂತೆ ಹಿಡಿದಿಡುವುದು ಅದೇ. ಮೊಳೆ ಹೊಡೆಯುವ ಮೊದಲು ಎರಡು ಕರ್ಣಗಳನ್ನೂ ಟೇಪಿನಿಂದ ಅಳೆದು, ಉದ್ದವಿರುವ ಕಡೆಯ ಮೂಲೆಗಳನ್ನು ಒಳಕ್ಕೆ ಒತ್ತಿ ಎರಡನ್ನೂ ಸಮ ಮಾಡಿ. ಐದು ನಿಮಿಷದ ಈ ಅಳತೆ ಬಿಟ್ಟರೆ ಮುಂದೆ ಒಂದು ಡ್ರಾಯರ್ ಕೂಡ ಸಲೀಸಾಗಿ ಓಡುವುದಿಲ್ಲ.

ಮೊದಲ ಡ್ರಾಯರ್‌ಗೆ ಇಪ್ಪತ್ತೈದು ನಿಮಿಷ ಹಿಡಿದರೆ ನಾಲ್ಕನೆಯದಕ್ಕೆ ಹನ್ನೆರಡು ಸಾಕು. ಒಂದನ್ನು ಪೂರ್ತಿ ಮುಗಿಸಿ, ಒಳಗೆ ತಳ್ಳಿ, ಸರಿಯಾಗಿ ಓಡುತ್ತದೆ ಎಂದು ಖಾತ್ರಿಯಾದ ಮೇಲೆಯೇ ಉಳಿದವನ್ನು ಮಾಡಿ. ರೋಲರ್ ಚಾನೆಲ್‌ಗಳ ಮೇಲೆ ಸಿಎಲ್, ಸಿಆರ್, ಡಿಎಲ್, ಡಿಆರ್ ಎಂದು ಕೊರೆದಿರುತ್ತದೆ: ಮೊದಲೆರಡು ಚೌಕಟ್ಟಿನ ಎಡ ಬಲ, ಉಳಿದವು ಡ್ರಾಯರ್‌ನ ಎಡ ಬಲ. ಬಾಲ್ ಬೇರಿಂಗ್ ಚಾನೆಲ್ ಬಿಡಿಸಲು ಒಳಗಿನ ಕಪ್ಪು ಲಿವರನ್ನು ಒಂದು ಪಕ್ಕದಲ್ಲಿ ಮೇಲಕ್ಕೆ, ಇನ್ನೊಂದು ಪಕ್ಕದಲ್ಲಿ ಕೆಳಕ್ಕೆ ಒತ್ತಬೇಕು.

ವಾರ್ಡ್‌ರೋಬನ್ನು ಮಲಗಿಸಿ ಜೋಡಿಸುವವರು ಎಬ್ಬಿಸುವ ಜಾಗವನ್ನು ಮೊದಲೇ ಅಳೆಯಬೇಕು. 210 ಸೆಂ.ಮೀ. ಎತ್ತರ, 60 ಸೆಂ.ಮೀ. ಆಳದ ವಾರ್ಡ್‌ರೋಬ್ ಏಳುವಾಗ ಅದರ ಕರ್ಣ 218 ಸೆಂ.ಮೀ. ಮುಟ್ಟುತ್ತದೆ. ಲಾಫ್ಟ್ ಏಳಡಿಯಲ್ಲಿದ್ದರೆ ಸಿಗುವುದು 213 ಮಾತ್ರ. ನಿಂತಮೇಲೆ ಹಿಡಿಸುವ ವಾರ್ಡ್‌ರೋಬ್ ಏಳಲಾರದು. ಕೋಣೆಯ ನಡುವೆ ಎಬ್ಬಿಸಿ, ಆಮೇಲೆ ಲಾಫ್ಟ್ ಕೆಳಗೆ ಸರಿಸಬೇಕು. ಫ್ಯಾನ್ ಆಫ್ ಮಾಡಿರಲಿ.

ಬಾಗಿಲಿಗೆ ಕೈಹಾಕುವ ಮೊದಲು ರಸಮಟ್ಟ ಇಟ್ಟು ನೋಡಿ, ನೆಲ ಇಳಿಜಾರಾಗಿರುವ ಕಡೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಮಟ್ಟ ಮಾಡಿ. ಮಟ್ಟವಿಲ್ಲದೆ ಹಿಂಜ್ ತಿರುಗಿಸುತ್ತಾ ಕೂತರೆ ಹೊತ್ತು ಹಾಳು. ಮಟ್ಟವಾದ ಮೇಲೆ ಹಿಂಜ್‌ನ ಮುಂದಿನ ಸ್ಕ್ರೂ ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಕ್ಕೆ ಹೊರಕ್ಕೆ. ಮೇಲೆ ಕೆಳಗೆ ಸರಿಸಲು ಪಕ್ಕದ ಹಲಗೆಗೆ ಕೂರಿಸಿದ ಪ್ಲೇಟಿನ ಸ್ಕ್ರೂ ಸಡಿಲಿಸಬೇಕು. ಮೂರು ಬಾಗಿಲಿಗೆ ನಲವತ್ತು ನಿಮಿಷ ಹಿಡಿಯುತ್ತದೆ.

ಇನ್ನು ಗೋಡೆಗೆ ಬಿಗಿಯುವುದು. ಅಮೆರಿಕದಲ್ಲಿ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಚೆಸ್ಟ್‌ಗಳನ್ನು ಹಿಂದಕ್ಕೆ ಕರೆಯಿತು. ಗೋಡೆಗೆ ಬಿಗಿಯದ ಚೆಸ್ಟ್‌ಗಳು ಮಗುಚಿ ಮಕ್ಕಳು ಸತ್ತಿದ್ದರು. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುತ್ತಾರೆ, ಭಾರ ಮುಂದಕ್ಕೆ ಬರುತ್ತದೆ. ದಯವಿಟ್ಟು ಈ ಕೆಲಸವನ್ನು ನಾಳೆಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಟೈಲ್ಸ್ ಸ್ಕರ್ಟಿಂಗ್ ಗೋಡೆಯಿಂದ ಒಂದು ಸೆಂ.ಮೀ. ಮುಂದಿರುವುದರಿಂದ ಮೇಲ್ಗಡೆ ಸಂದು ಉಳಿಯುತ್ತದೆ. ಅಷ್ಟೇ ದಪ್ಪದ ಮರದ ತುಂಡು ಕೊಟ್ಟು ಬ್ರಾಕೆಟ್ ಕೂರಿಸಿ. 8 ಎಂಎಂ ಮೇಸನ್ರಿ ಬಿಟ್, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ ಸಾಕು. ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ ಮಾತ್ರ ತೂತು ಕೊರೆಯಬೇಡಿ, ವೈರ್ ಅಲ್ಲೇ ಹೋಗಿರುತ್ತದೆ. ಅರ್ಧ ಗಂಟೆ ಇದಕ್ಕೂ ಸೇರಿಸಿಕೊಳ್ಳಿ.